ಇಬ್ಬಿಬ್ಬರಾಗಿ ಹೊರಟವರು
(ವಿಶ್ವ ಮಿಷನ್ ಭಾನುವಾರದ ಚಿಂತನೆ)



ಅಕ್ಟೋಬರ್ ತಿಂಗಳಲ್ಲಿ ಇಡೀ ಧರ್ಮಸಭೆ ಮಿಷನ್ ಭಾನುವಾರವನ್ನು ಆಚರಿಸುತ್ತದೆ. ಜಗದ್ಗುರು ಹನ್ನೊಂದನೇ ಪಯಸ್‌ರವರು 1926ರಲ್ಲಿ ಈ ಆಚರಣೆಯನ್ನು ಜಾರಿಗೆ ತಂದರು. ಸೊರಬ, ಶಿಕಾರಿಪುರದ ಕಡೆ ಆ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ. ಗದ್ದೆಯಲ್ಲಿ ಭತ್ತ ತೆನೆ ಹೊತ್ತು ನಿಂತಿರುತ್ತದೆ. ಅಡಿಕೆ ತೋಟದವರಿಗೆ ಕೊನೆ ಕೊಯ್ಯಲು ಆಳು ಸಿಗುವರೋ ಇಲ್ಲವೋ ಎಂಬ ಚಿಂತೆ. ಕೊಯ್ಲಿಗೆ ಆಳು ಸಾಲದ ಕಷ್ಟವನ್ನು ಯೇಸುಸ್ವಾಮಿ ಶಿಷ್ಯರ ಮುಂದೆ ತೆರೆದಿಟ್ಟಾಗ ಅದರ ಅರ್ಥವೇನೆಂದು ನಮ್ಮ ರೈತ ಕುಟುಂಬಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಸಲ ಮಿಷನ್ ಭಾನುವಾರದ ಬಗ್ಗೆ ಬರೆಯಲು ಕುಳಿತಾಗ ನಮಗೆ ನೆನಪಾದದ್ದು ಒಬ್ಬ ತಾಯಿಯ ಪ್ರಶ್ನೆ. ಸೊರಬದ ಕಡೆ ಮನೆ ಭೇಟಿಗೆಂದು ಹೋಗಿದ್ದೆವು. ಕಾಫಿ ತಂದಿಟ್ಟ ಆ ತಾಯಿ ಸೆರಗಿನ ಅಂಚನ್ನು ಹಿಡಿದುಕೊಂಡು ಮೆಲ್ಲಗೆ ಕೇಳಿದರು:

"ಫಾದರ್, ನಮ್ಮ ಹುಡುಗ ಬೆಂಗಳೂರಲ್ಲಿ ಕೆಲಸಕ್ಕಿದ್ದಾನಲ್ಲ, ಈಗ ಭಾನುವಾರ ಯಾರೋ ಬಿಳಿ ಅಂಗಿ, ಟೈ ಹಾಕಿದ ಹುಡುಗರ ಜೊತೆ ಹೋಗ್ತಾನಂತೆ. ಅವರ ಎದೆ ಮೇಲೆ ಕಪ್ಪು ಪಟ್ಟಿ ಇರುತ್ತಂತೆ, ಅದರಲ್ಲಿ ಯೇಸುಸ್ವಾಮಿ ಹೆಸರೂ ಇದೆಯಂತೆ. ಅವರು ಯಾರು ಫಾದರ್? ಒಳ್ಳೆಯವರೋ, ಕೆಟ್ಟವರೋ?"

ಒಂದೇ ಮಾತಿನಲ್ಲಿ ಉತ್ತರ ಕೊಡಲು ನಮಗೆ ಆಗಲಿಲ್ಲ. ಕಾಫಿ ಆರುವವರೆಗೆ ಮಾತಾಡಿದೆವು, ಆದರೂ ಹೇಳಬೇಕಾದದ್ದು ಉಳಿಯಿತು. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ, ಹೊರದೇಶಗಳಲ್ಲಿ ಇದ್ದಾರೆ. ಇದೇ ಪ್ರಶ್ನೆ ನಿಮ್ಮ ಮನೆಗೂ ಬರಬಹುದು. ಆದ್ದರಿಂದ ಆ ತಾಯಿಗೆ ಕೊಡಬೇಕಾದ ಉತ್ತರವನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇವೆ.

ಅವರು ಯಾರು?

ಜನ ಅವರನ್ನು ಮಾರ್ಮನ್ನರು ಎಂದು ಕರೆಯುತ್ತಾರೆ. ಅವರ ಸಭೆಯ ಪೂರ್ಣ ಹೆಸರು ಕಡೆಯ ದಿನಗಳ ಸಂತರ ಯೇಸುಕ್ರಿಸ್ತರ ಸಭೆ. ತಮ್ಮನ್ನು ಅಡ್ಡಹೆಸರಿನಿಂದ ಕರೆಯದೆ ಪೂರ್ಣ ಹೆಸರಿನಿಂದಲೇ ಕರೆಯಬೇಕೆಂದು ಅವರ ಮುಖ್ಯಸ್ಥರು 2018ರಲ್ಲಿ ಕೇಳಿಕೊಂಡರು. ಓದುಗರಿಗೆ ಸುಲಭವಾಗಲೆಂದು ಮಾತ್ರ ನಾವು ಇಲ್ಲಿ ಹಳೆಯ ಹೆಸರನ್ನು ಬಳಸುತ್ತಿದ್ದೇವೆ.

ಈ ಸಭೆ ಹುಟ್ಟಿದ್ದು 1830ರ ಏಪ್ರಿಲ್ 6ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಸ್ಥಾಪಕ ಜೋಸೆಫ್ ಸ್ಮಿತ್ ಎಂಬ ಯುವಕ. ತನಗೆ ದೇವದರ್ಶನವಾಯಿತು, ದೇವದೂತನೊಬ್ಬನು ತೋರಿದ ಚಿನ್ನದ ಹಾಳೆಗಳಿಂದ ಪುರಾತನ ಗ್ರಂಥವೊಂದನ್ನು ಅನುವಾದ ಮಾಡಿದೆ ಎಂದು ಆತ ಸಾರಿದ. ಅದೇ ಮಾರ್ಮನ್ ಗ್ರಂಥ. ಪ್ರಾಚೀನ ಅಮೆರಿಕದ ಜನರ ಬಗ್ಗೆ, ಪುನರುತ್ಥಾನರಾದ ಯೇಸು ಅವರಿಗೆ ಕಾಣಿಸಿಕೊಂಡ ಬಗ್ಗೆ ಅದು ಹೇಳುತ್ತದೆ. ಮಾರ್ಮನ್ನರು ಬೈಬಲಿನ ಜೊತೆಗೆ ಈ ಗ್ರಂಥವನ್ನೂ ದೇವರ ವಾಕ್ಯವೆಂದು ನಂಬುತ್ತಾರೆ.

1844ರಲ್ಲಿ ಜೋಸೆಫ್ ಸ್ಮಿತ್ ಜನರ ಗುಂಪಿನ ಕೈಯಲ್ಲಿ ಕೊಲೆಯಾದ. ಅನಂತರ ಬ್ರಿಗಂ ಯಂಗ್ ಎಂಬ ನಾಯಕನ ಹಿಂದೆ ಸಾವಿರಾರು ಜನ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟರು. ಮೊದಲ ತಂಡ 1847ರಲ್ಲಿ ಇಂದಿನ ಯೂಟಾ ರಾಜ್ಯದ ಸಾಲ್ಟ್ ಲೇಕ್ ಕಣಿವೆಯನ್ನು ಸೇರಿತು. ಅಲ್ಲಿಯೇ ಈಗಲೂ ಅವರ ಕೇಂದ್ರ. ಅವರಲ್ಲಿ ಮೊದಲು ಬಹುಪತ್ನಿತ್ವ ನಡೆಯುತ್ತಿತ್ತು. 1890ರಲ್ಲಿ ಸಭೆ ಅದನ್ನು ಕೈಬಿಡುವುದಾಗಿ ಸಾರಿತು. ಇಂದು ಹಾಗೆ ಮದುವೆಯಾದವರನ್ನು ಸಭೆಯಿಂದ ಹೊರಗಿಡುತ್ತಾರೆ. ಅವರ ಲೆಕ್ಕದಂತೆ ಈಗ ಜಗತ್ತಿನಲ್ಲಿ 1 ಕೋಟಿ 70 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ.

ಕರೆ ಬಂದ ದಿನ

ಅವರಲ್ಲಿ ಗಂಡು ಮಕ್ಕಳು ಹದಿಹರೆಯ ಮುಗಿಯುವ ಹೊತ್ತಿಗೆ ಎರಡು ವರ್ಷ ಮಿಷನ್ ಸೇವೆಗೆ ಹೋಗಬೇಕೆಂಬುದು ಮನೆಮನೆಯ ನಿರೀಕ್ಷೆ. ಹೆಣ್ಣು ಮಕ್ಕಳೂ ಇಷ್ಟಪಟ್ಟರೆ ಹದಿನೆಂಟು ತಿಂಗಳು ಹೋಗುತ್ತಾರೆ. ಮೊದಲು ಹುಡುಗರಿಗೆ 19, ಹುಡುಗಿಯರಿಗೆ 21 ವರ್ಷ ತುಂಬಿರಬೇಕಿತ್ತು. 2012ರಲ್ಲಿ ಅದನ್ನು 18 ಮತ್ತು 19ಕ್ಕೆ ಇಳಿಸಿದರು. ಇಂದು ಜಗತ್ತಿನಾದ್ಯಂತ ಹೀಗೆ ಸೇವೆಯಲ್ಲಿರುವವರು 70 ಸಾವಿರಕ್ಕೂ ಹೆಚ್ಚು.

ಹುಡುಗ ಅರ್ಜಿ ಹಾಕುತ್ತಾನೆ. ಆದರೆ ಎಲ್ಲಿಗೆ ಹೋಗಬೇಕೆಂದು ಅವನು ಆರಿಸಿಕೊಳ್ಳುವಂತಿಲ್ಲ. ಸಾಲ್ಟ್ ಲೇಕಿನಿಂದ ಬರುವ ಪತ್ರದಲ್ಲಿ ಊರು, ಭಾಷೆ, ಹೊರಡುವ ದಿನ ಇರುತ್ತದೆ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಗೆಳೆಯರು ಎಲ್ಲರನ್ನೂ ಕೂರಿಸಿಕೊಂಡು ಆ ಪತ್ರವನ್ನು ಓದುವುದು ಅವರ ಮನೆಗಳಲ್ಲಿ ಒಂದು ಹಬ್ಬವೇ. ಫಿಲಿಪೀನ್ಸ್ ಎಂದಿರಬಹುದು, ಬ್ರೆಜಿಲ್, ಘಾನಾ ಎಂದಿರಬಹುದು, ಪಕ್ಕದ ರಾಜ್ಯವೂ ಆಗಿರಬಹುದು.

ಖರ್ಚು ಯಾರದು? ಇದು ನಮ್ಮ ಓದುಗರು ಗಮನಿಸಬೇಕಾದ ಮಾತು. ಸಂಬಳವಿಲ್ಲ. ಅಮೆರಿಕದ ಹುಡುಗನಾದರೆ ಅವನು ಅಥವಾ ಅವನ ಮನೆಯವರು ತಿಂಗಳಿಗೆ ಇಷ್ಟೆಂದು ಕಟ್ಟಬೇಕು. 2020ರಲ್ಲಿ ಅದು 400 ಡಾಲರಿನಿಂದ 500 ಡಾಲರಿಗೆ ಏರಿತು. ಅನೇಕ ಮಕ್ಕಳು ಚಿಕ್ಕಂದಿನಿಂದಲೇ ಡಬ್ಬಿಯಲ್ಲಿ ಕಾಸು ಕೂಡಿಡುತ್ತಾರೆ. ಬಡವರಿಗೆ ಸಭೆಯ ಇತರರು ನೆರವಾಗುತ್ತಾರೆ. ಎರಡು ವರ್ಷ ಮುಗಿದ ಮೇಲೆ ಹುಡುಗ ಮನೆಗೆ ಬಂದು ಕಾಲೇಜು ಸೇರುತ್ತಾನೆ, ಕೆಲಸ ಹಿಡಿಯುತ್ತಾನೆ, ಮದುವೆಯಾಗುತ್ತಾನೆ. ಅಂದರೆ ಇವರು ನಮ್ಮ ಗುರುಗಳಂತೆ, ಕನ್ಯಾಸ್ತ್ರೀಯರಂತೆ ಜೀವನಪೂರ್ತಿ ವ್ರತ ತೊಟ್ಟವರಲ್ಲ. ನಿಮ್ಮ ಮನೆಯ ಪಿಯುಸಿ ಮುಗಿಸಿದ ಹುಡುಗನಂಥವರೇ.

ಬೆಳಗಿನ ಆರೂವರೆಯಿಂದ ರಾತ್ರಿ ಹತ್ತೂವರೆಯವರೆಗೆ

ಹೊರಡುವ ಮೊದಲು ಕೆಲವು ವಾರ ತರಬೇತಿ. ಬೇರೆ ಭಾಷೆಯ ನಾಡಿಗೆ ಹೋಗುವವರಿಗೆ ಆ ಭಾಷೆಯನ್ನೂ ಕಲಿಸುತ್ತಾರೆ. ಯೂಟಾದ ಪ್ರೋವೊ ನಗರದಲ್ಲಿ ಇದಕ್ಕೆಂದೇ ದೊಡ್ಡ ಕೇಂದ್ರವಿದೆ. ಆಮೇಲೆ ಅಪರಿಚಿತ ಊರಿನಲ್ಲಿ ಸಣ್ಣ ಬಾಡಿಗೆ ಮನೆ, ಜೊತೆಗೆ ಇನ್ನೊಬ್ಬ ಹುಡುಗ. ಈ ಜೊತೆಗಾರನನ್ನೂ ಅವನು ಆರಿಸಿಕೊಂಡದ್ದಲ್ಲ. ಇಬ್ಬರೂ ಒಟ್ಟಿಗೇ ಇರಬೇಕು, ಒಟ್ಟಿಗೇ ಹೊರಗೆ ಹೋಗಬೇಕು. ಕೆಲವು ತಿಂಗಳಿಗೊಮ್ಮೆ ಜೊತೆಗಾರ ಬದಲಾಗುತ್ತಾನೆ, ಊರೂ ಬದಲಾಗಬಹುದು.

ಸಾಮಾನ್ಯವಾಗಿ ದಿನಚರಿ ಹೀಗಿರುತ್ತದೆ. ಬೆಳಿಗ್ಗೆ ಆರೂವರೆಗೆ ಎದ್ದು ಮೊಣಕಾಲೂರಿ ಪ್ರಾರ್ಥನೆ. ಅರ್ಧ ಗಂಟೆ ವ್ಯಾಯಾಮ. ತಿಂಡಿ. ಆಮೇಲೆ ಒಬ್ಬನೇ ಕುಳಿತು ಗ್ರಂಥ ಓದುವುದು, ಜೊತೆಗಾರನೊಡನೆ ಓದುವುದು, ಭಾಷೆ ಕಲಿಯುವುದು. ಹತ್ತು ಗಂಟೆಯ ಹೊತ್ತಿಗೆ ಹೊರಗೆ. ಕರೆದವರ ಮನೆಗೆ ಹೋಗಿ ಪಾಠ ಹೇಳುವುದು, ಕಾಯಿಲೆಯವರನ್ನು ನೋಡುವುದು, ಯಾರದಾದರೂ ಮನೆಗೆ ಸುಣ್ಣ ಬಳಿಯುವುದು, ಸಾಮಾನು ಸಾಗಿಸಲು ಕೈಕೊಡುವುದು. ರಾತ್ರಿ ಒಂಬತ್ತರ ಹೊತ್ತಿಗೆ ಹಿಂತಿರುಗಿ ಮಾರನೆಯ ದಿನದ ಯೋಜನೆ ಬರೆದು ಹತ್ತೂವರೆಗೆ ಮಲಗುವುದು. 2017ರಿಂದ ಈ ವೇಳಾಪಟ್ಟಿಯನ್ನು ಊರಿಗೆ ತಕ್ಕಂತೆ ಹೊಂದಿಸಿಕೊಳ್ಳಲು ಸ್ವಲ್ಪ ಸಡಿಲ ಕೊಟ್ಟಿದ್ದಾರೆ.

ವಾರದಲ್ಲಿ ಒಂದು ದಿನ ಬಿಡುವು. ಅಂದು ಬಟ್ಟೆ ಒಗೆಯುವುದು, ಸಂತೆ ಮಾಡುವುದು, ಕೂದಲು ಕತ್ತರಿಸಿಕೊಳ್ಳುವುದು, ಮನೆಗೆ ಪತ್ರ ಬರೆಯುವುದು. ಸಿನಿಮಾ ಇಲ್ಲ, ಪ್ರೇಮ ಪ್ರಸಂಗ ಇಲ್ಲ. ಹೆಸರು ಕೂಡ ಪಕ್ಕಕ್ಕೆ ಸರಿಯುತ್ತದೆ. ಹುಡುಗರನ್ನು ಮನೆತನದ ಹೆಸರಿನ ಹಿಂದೆ 'ಎಲ್ಡರ್' ಎಂದು ಸೇರಿಸಿ ಕರೆಯುತ್ತಾರೆ, ಅಂದರೆ ಹಿರಿಯ. ಮೀಸೆ ಚಿಗುರುವ ವಯಸ್ಸಿನ ಹುಡುಗನಿಗೆ ಹಿರಿಯ ಎಂಬ ಬಿರುದು! ಹುಡುಗಿಯರನ್ನು 'ಸಿಸ್ಟರ್' ಎನ್ನುತ್ತಾರೆ. ಅವರು ನಮ್ಮ ಕಾನ್ವೆಂಟಿನ ಸಿಸ್ಟರ್ ಅಲ್ಲ ಎಂಬುದು ನೆನಪಿರಲಿ.

ತಾಯಂದಿರೇ, ಇನ್ನೊಂದು ವಿಷಯ ಕೇಳಿ. 2019ರ ಫೆಬ್ರವರಿಯವರೆಗೆ ಈ ಮಕ್ಕಳು ಮನೆಗೆ ಫೋನ್ ಮಾಡಬಹುದಾಗಿದ್ದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್ಮಸ್‌ಗೊಂದು, ತಾಯಂದಿರ ದಿನಕ್ಕೊಂದು. ಉಳಿದಂತೆ ವಾರಕ್ಕೊಂದು ಪತ್ರ. ಈಗ ವಾರಕ್ಕೊಮ್ಮೆ ಮಾತಾಡಲು ಅನುಮತಿಯಿದೆ. ಮಗ ಒಂದು ದಿನ ಫೋನ್ ಮಾಡದಿದ್ದರೆ ನಿದ್ದೆ ಬಾರದ ನಮಗೆ ಆ ತಾಯಂದಿರ ಕಾಯುವಿಕೆ ಅರ್ಥವಾಗಬೇಕು.

ಬೇಡ ಎನ್ನಿಸಿಕೊಳ್ಳುವ ಕೆಲಸ

ಈ ಸೇವೆಯ ಹೆಚ್ಚು ಪಾಲು 'ಬೇಡ' ಎಂಬ ಮಾತು ಕೇಳುವುದರಲ್ಲೇ ಕಳೆಯುತ್ತದೆ. ಬಾಗಿಲು ಮುಚ್ಚುತ್ತಾರೆ, ನಗುತ್ತಾರೆ, ಬರುತ್ತೇನೆಂದವರು ಬರುವುದಿಲ್ಲ. ಬಾರದ ಭಾಷೆಯಲ್ಲಿ ತಪ್ಪುತಪ್ಪಾಗಿ ಮಾತಾಡಬೇಕು. ಎಲ್ಲರೂ ಎರಡು ವರ್ಷ ಮುಗಿಸುವುದೂ ಇಲ್ಲ. ಕಾಯಿಲೆಯಿಂದ, ಮನಸ್ಸು ಕುಗ್ಗಿ, ನಂಬಿಕೆಯಲ್ಲಿ ಸಂಶಯ ಬಂದು ಅರ್ಧದಲ್ಲೇ ಮನೆಗೆ ಮರಳುವವರಿದ್ದಾರೆ. ಹಾಗೆ ಮರಳಿದವರಿಗೆ ನೆರೆಹೊರೆಯವರ ಮುಖ ನೋಡುವುದೇ ಕಷ್ಟವಾಗುತ್ತದೆ. ಶಿಸ್ತು ಅತಿಯಾಯಿತು, ಒತ್ತಡ ಹೆಚ್ಚು ಎಂದು ಆ ಸಭೆಯನ್ನು ಬಿಟ್ಟು ಬಂದವರು ಹೇಳುವುದೂ ಉಂಟು. 2020ರಲ್ಲಿ ಕೊರೊನಾ ಬಂದಾಗ ಸಾವಿರಾರು ಮಂದಿಯನ್ನು ತಮ್ಮ ತಮ್ಮ ದೇಶಕ್ಕೆ ಕರೆಸಿಕೊಂಡರು. ಉಳಿದವರು ಕೋಣೆಯೊಳಗಿಂದ ಫೋನ್, ವಿಡಿಯೋ ಮೂಲಕ ಕೆಲಸ ಮುಂದುವರಿಸಿದರು.

ಊಟ, ಪಾನೀಯಗಳಲ್ಲೂ ಕಟ್ಟುಪಾಡು ಇದೆ. 1833ರಿಂದ ಬಂದ ನಿಯಮದಂತೆ ಮದ್ಯವಿಲ್ಲ, ತಂಬಾಕಿಲ್ಲ, ಕಾಫಿ ಇಲ್ಲ, ಟೀ ಇಲ್ಲ. ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳುಹಿಸುವುದು ಮಲೆನಾಡಿನವರಾದ ನಮಗೆ ಅವಮಾನದ ಮಾತು. ಅವರು ಬೇಡವೆಂದರೆ ಬೇಸರಪಡಬೇಡಿ. ಮಜ್ಜಿಗೆಯನ್ನೋ ಪಾನಕವನ್ನೋ ಕೊಡಿ, ಸಂತೋಷದಿಂದ ಕುಡಿದಾರು. ಆ ಸಭೆಯವರು ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸವಿದ್ದು, ಉಳಿದ ಊಟದ ಹಣವನ್ನು ಬಡವರಿಗೆಂದು ಕೊಡುತ್ತಾರೆ. ಆದಾಯದಲ್ಲಿ ಹತ್ತರಲ್ಲೊಂದು ಪಾಲು ಸಭೆಗೆ. ವಾರದಲ್ಲೊಂದು ಸಂಜೆ, ಹೆಚ್ಚಾಗಿ ಸೋಮವಾರ, ಟಿವಿ ಆರಿಸಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಪ್ರಾರ್ಥನೆ, ಪಾಠ, ಆಟ.

ನಮ್ಮ ನಾಡಿನಲ್ಲಿ

ಈ ಸಭೆಯ ಪ್ರಚಾರಕರು 1850ರ ದಶಕದಲ್ಲೇ ಕಲ್ಕತ್ತಾಕ್ಕೆ ಬಂದಿದ್ದರು. ಹೆಚ್ಚು ಫಲ ಕಾಣದೆ ಹಿಂತಿರುಗಿದರು. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಅವರ ಸುದ್ದಿ ಅಷ್ಟಾಗಿ ಇರಲಿಲ್ಲ. 1993ರಲ್ಲಿ ಬೆಂಗಳೂರನ್ನು ಕೇಂದ್ರ ಮಾಡಿಕೊಂಡು ಅವರ ಭಾರತ ಮಿಷನ್ ಆರಂಭವಾಯಿತು. 2018ರ ಏಪ್ರಿಲ್ 1ರಂದು, ಅಂದರೆ ಆ ವರ್ಷದ ಪಾಸ್ಕ ಭಾನುವಾರದಂದು, ಬೆಂಗಳೂರಿನಲ್ಲಿ ಭಾರತದ ಮೊದಲ ಮಾರ್ಮನ್ ದೇವಾಲಯ ಕಟ್ಟುವುದಾಗಿ ಸಾರಿದರು. 2020ರ ಡಿಸೆಂಬರ್‌ನಲ್ಲಿ ಕೆಲಸ ಶುರುವಾಯಿತು.

ಹೊರದೇಶದ ಧರ್ಮಪ್ರಚಾರಕರಿಗೆ ನಮ್ಮ ದೇಶದ ವೀಸಾ ನಿಯಮ ಬಿಗಿಯಾಗಿದೆ. ಆದ್ದರಿಂದ ಇಲ್ಲಿ ಬಿಳಿ ಅಂಗಿ ತೊಟ್ಟು ಕಾಣಿಸುವವರಲ್ಲಿ ಬಹುಪಾಲು ಭಾರತದ ಹುಡುಗ ಹುಡುಗಿಯರೇ. ತೆಲುಗಿನವರು, ತಮಿಳಿನವರು ಬೆಂಗಳೂರಿಗೆ ಬಂದು ನಮ್ಮ ಮಕ್ಕಳಂತೆಯೇ ಊರು ಬಿಟ್ಟವರಾಗಿ ಬದುಕುತ್ತಾರೆ. ಅಮೆರಿಕದ ಹುಡುಗನಿಗೆ ಮನಿಲಾ ಹೇಗೆ ಪರಸ್ಥಳವೋ ವಿಜಯವಾಡದ ಹುಡುಗನಿಗೆ ಬೆಂಗಳೂರೂ ಹಾಗೆಯೇ.

ನಮಗೂ ಅವರಿಗೂ ಇರುವ ಅಂತರ

ಇಷ್ಟೆಲ್ಲ ಕೇಳಿದ ಮೇಲೆ ನೀವು ಕೇಳಬಹುದು: ಅವರೂ ಯೇಸುವನ್ನು ನಂಬುತ್ತಾರೆ, ಶಿಸ್ತಿನಿಂದಿದ್ದಾರೆ, ಕುಡಿಯುವುದಿಲ್ಲ, ಹಾಗಾದರೆ ನಮ್ಮ ಹುಡುಗ ಅಲ್ಲಿಗೆ ಹೋದರೆ ತಪ್ಪೇನು?

ಪ್ರಿಯರೇ, ಇಲ್ಲಿ ನಾವು ನೇರವಾಗಿ ಮಾತಾಡಬೇಕು. ಅಂತರ ಸಣ್ಣದಲ್ಲ. ಪಿತ, ಸುತ, ಪವಿತ್ರಾತ್ಮ ಮೂವರು ವ್ಯಕ್ತಿಗಳಾದರೂ ದೇವರು ಒಬ್ಬರೇ ಎಂದು ನಾವು ವಿಶ್ವಾಸ ಸಂಗ್ರಹದಲ್ಲಿ ಸಾರುತ್ತೇವೆ. ಮಾರ್ಮನ್ನರ ಬೋಧನೆಯಲ್ಲಿ ಈ ಮೂವರು ಮನಸ್ಸಿನಲ್ಲಿ ಒಂದಾಗಿದ್ದರೂ ಬೇರೆ ಬೇರೆ ಅಸ್ತಿತ್ವಗಳು. ಪಿತನಿಗೂ ಮಾಂಸ ಮೂಳೆಗಳ ದೇಹವಿದೆ ಎನ್ನುತ್ತಾರೆ. ಪ್ರೇಷಿತರ ಕಾಲದ ನಂತರ ನಿಜವಾದ ಸಭೆ ಭೂಮಿಯ ಮೇಲಿಂದ ಕಣ್ಮರೆಯಾಗಿತ್ತು, ಅದು ಜೋಸೆಫ್ ಸ್ಮಿತ್‌ನಿಂದ ಮತ್ತೆ ಸ್ಥಾಪನೆಯಾಯಿತು ಎಂಬುದು ಅವರ ನಂಬಿಕೆ. ಯೇಸುಸ್ವಾಮಿ ತಮ್ಮ ಧರ್ಮಸಭೆಯನ್ನು ಎಂದೂ ಕೈಬಿಡಲಿಲ್ಲ ಎಂಬುದು ನಮ್ಮ ವಿಶ್ವಾಸ. ನಾವು ಬಲಿಪೂಜೆಯಲ್ಲಿ ಕ್ರಿಸ್ತರ ಶರೀರ ಮತ್ತು ರಕ್ತವನ್ನು ಸ್ವೀಕರಿಸುತ್ತೇವೆ. ಅವರು ನೆನಪಿಗಾಗಿ ರೊಟ್ಟಿ ಮತ್ತು ನೀರನ್ನು ತೆಗೆದುಕೊಳ್ಳುತ್ತಾರೆ.

ಈ ಕಾರಣದಿಂದಲೇ ಅವರ ಸ್ನಾನದೀಕ್ಷೆಯನ್ನು ನಮ್ಮ ಧರ್ಮಸಭೆ ಒಪ್ಪುವುದಿಲ್ಲ. 2001ರ ಜೂನ್ 5ರಂದು ವ್ಯಾಟಿಕನ್ನಿನ ವಿಶ್ವಾಸ ಬೋಧನೆಯ ಆಯೋಗ ಇದನ್ನು ಸ್ಪಷ್ಟಪಡಿಸಿತು. ಅವರೂ ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿಯೇ ನೀರಿನಲ್ಲಿ ಮುಳುಗಿಸುತ್ತಾರೆ. ಆದರೆ ಆ ಹೆಸರುಗಳಿಗೆ ಅವರು ಕೊಡುವ ಅರ್ಥವೇ ಬೇರೆ. ಸಿಎಸ್‌ಐ ಸಭೆಯವರು ನಮ್ಮ ಸಭೆಗೆ ಸೇರಿದರೆ ಅವರಿಗೆ ಮತ್ತೆ ಸ್ನಾನದೀಕ್ಷೆ ಕೊಡುವುದಿಲ್ಲ. ಮಾರ್ಮನ್ ಸಭೆಯವರು ಸೇರಿದರೆ ಹೊಸದಾಗಿ ಕೊಡಬೇಕು. ಮದುವೆಯ ವಿಷಯದಲ್ಲೂ ಇದು ಮುಖ್ಯ. ನಿಮ್ಮ ಮಗ ಅಥವಾ ಮಗಳು ಆ ಸಭೆಯವರನ್ನು ಮದುವೆಯಾಗಲು ಇಚ್ಛಿಸಿದರೆ ಮೊದಲೇ ಬಂದು ಧರ್ಮಕೇಂದ್ರದ ಗುರುಗಳನ್ನು ಕಾಣಬೇಕು.

ಇನ್ನೊಂದು ಸಂಗತಿ. ಸತ್ತವರ ಪರವಾಗಿ ಬದುಕಿರುವವರಿಗೆ ದೀಕ್ಷೆ ಕೊಡುವ ಪದ್ಧತಿ ಅವರಲ್ಲಿದೆ. ಅದಕ್ಕಾಗಿ ವಂಶಾವಳಿಗಳನ್ನು ಜಗತ್ತಿನಾದ್ಯಂತ ಸಂಗ್ರಹಿಸುತ್ತಾರೆ. ಆದ್ದರಿಂದ ಧರ್ಮಕೇಂದ್ರಗಳ ದೀಕ್ಷಾ ದಾಖಲೆಗಳನ್ನು ಆ ಉದ್ದೇಶಕ್ಕೆ ಕೊಡಬಾರದೆಂದು 2008ರಲ್ಲಿ ರೋಮಿನಿಂದ ಎಲ್ಲ ಧರ್ಮಾಧ್ಯಕ್ಷರಿಗೂ ಸೂಚನೆ ಬಂತು.

ಆದರೆ ಅಂತರವಿದೆ ಎಂದ ಮಾತ್ರಕ್ಕೆ ಹಗೆ ಬೇಕಿಲ್ಲ. 2019ರ ಮಾರ್ಚ್ 9ರಂದು ಜಗದ್ಗುರು ಫ್ರಾನ್ಸಿಸ್‌ರವರು ಆ ಸಭೆಯ ಅಂದಿನ ಅಧ್ಯಕ್ಷರಾದ ರಸೆಲ್ ನೆಲ್ಸನ್‌ರವರನ್ನು ವ್ಯಾಟಿಕನ್ನಿನಲ್ಲಿ ಬರಮಾಡಿಕೊಂಡರು. ಎರಡು ಸಭೆಗಳ ಮುಖ್ಯಸ್ಥರು ಹಾಗೆ ಭೇಟಿಯಾದದ್ದು ಅದೇ ಮೊದಲು. ಬೋಧನೆಯಲ್ಲಿ ಒಂದಕ್ಷರವನ್ನೂ ಬಿಟ್ಟುಕೊಡದೆ ಮನುಷ್ಯನನ್ನು ಗೌರವಿಸಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಮಗ ಹೇಳಿದ ಮಾತು

ಆ ತಾಯಿಯ ಮಗ ರಜೆಗೆಂದು ಊರಿಗೆ ಬಂದಾಗ ನಮ್ಮನ್ನು ಕಂಡ. ನಾವು ತ್ರಿತ್ವದ ವಿಷಯ ಎತ್ತಿದೆವು. ಹುಡುಗ ತಲೆತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಅವನು ಹೇಳಿದ ಮಾತು ನಮ್ಮನ್ನು ಸುಮ್ಮನಾಗಿಸಿತು.

"ನಾನು ಬೋಧನೆ ನೋಡಿ ಹೋದದ್ದಲ್ಲ ಫಾದರ್. ಬೆಂಗಳೂರಿಗೆ ಹೋದ ಮೇಲೆ ಆರು ತಿಂಗಳು ಪ್ರತಿ ಭಾನುವಾರ ಪೂಜೆಗೆ ಹೋದೆ. ಹಿಂದಿನ ಬೆಂಚಿನಲ್ಲಿ ಕೂತೆ, ಎದ್ದು ಬಂದೆ. ನಿನ್ನ ಹೆಸರೇನು, ಯಾವ ಊರು ಅಂತ ಒಬ್ಬರೂ ಕೇಳಲಿಲ್ಲ. ಆಫೀಸಿನ ಗೆಳೆಯನ ಜೊತೆ ಅವರಲ್ಲಿಗೆ ಹೋದ ದಿನವೇ ಆ ಇಬ್ಬರು ಹುಡುಗರು ಕೇಳಿದರು. ಮುಂದಿನ ವಾರ ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟರು."

ಪ್ರಿಯರೇ, ಈ ಮಾತಿಗೆ ನಾವು ಯಾವ ಧರ್ಮಶಾಸ್ತ್ರದ ಪುಸ್ತಕದಿಂದ ಉತ್ತರ ಕೊಡೋಣ? ನಮ್ಮ ವಿಶ್ವಾಸ ಪೂರ್ಣವಾದದ್ದು ಎಂದು ನಾವು ಹೇಳುತ್ತೇವೆ, ಅದು ಸತ್ಯ. ಆದರೆ ಹಿಂದಿನ ಬೆಂಚಿನಲ್ಲಿ ಕೂತ ಹುಡುಗನಿಗೆ ಆ ಪೂರ್ಣತೆ ಮೊದಲು ಕಾಣಬೇಕಾದದ್ದು ಪಕ್ಕದಲ್ಲಿ ಕೂತವರ ಮುಖದಲ್ಲಿ. ನಮ್ಮ ಸೊರಬ, ಶಿಕಾರಿಪುರದ ಗುಡಿಗಳಲ್ಲೂ ಹೊಸ ಮುಖಗಳಿರುತ್ತವೆ. ವರ್ಗವಾಗಿ ಬಂದ ಶಿಕ್ಷಕಿ, ಬ್ಯಾಂಕಿನ ನೌಕರ, ತೋಟದ ಕೆಲಸಕ್ಕೆ ಬಂದ ಬೇರೆ ರಾಜ್ಯದ ಕುಟುಂಬ. ಪೂಜೆ ಮುಗಿದೊಡನೆ ಬೈಕ್ ಹತ್ತುವ ನಾವು ಅವರಲ್ಲಿ ಎಷ್ಟು ಜನರ ಹೆಸರು ಬಲ್ಲೆವು?

ನಮ್ಮ ಮಣ್ಣಿನ ಪ್ರೇಷಿತ

ದೇವರಿಗಾಗಿ ಮನೆ ಬಿಟ್ಟು ಹೊರಡುವುದು ಈ ಮಣ್ಣಿಗೆ ಹೊಸತಲ್ಲ. ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಹನ್ನೆರಡನೇ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಹೊರಟದ್ದನ್ನು ಇಲ್ಲಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ನಮ್ಮ ಧರ್ಮಸಭೆಯಲ್ಲೂ ಇಂಥ ಒಬ್ಬ ಪ್ರಯಾಣಿಕರಿದ್ದಾರೆ. ಸಂತ ಜೋಸೆಫ್ ವಾಜ್. ಅವರು ಹುಟ್ಟಿದ್ದು 1651ರಲ್ಲಿ, ಗೋವಾದ ಬಾಣಾವಳಿಯಲ್ಲಿ. ಗುರುದೀಕ್ಷೆ ಪಡೆದು ಮೂವತ್ತರ ಹರೆಯದಲ್ಲಿ, 1681ರಿಂದ ಮೂರು ವರ್ಷ ಕೆನರಾ ಸೀಮೆಯಲ್ಲಿ ಸೇವೆ ಮಾಡಿದರು. ಆಗ ಆ ಕರಾವಳಿ ಕೆಳದಿ ಅರಸರ ಆಡಳಿತದಲ್ಲಿತ್ತು. ಆಳುತ್ತಿದ್ದವರು ರಾಣಿ ಚೆನ್ನಮ್ಮಾಜಿ. ಸೊರಬಕ್ಕೆ ಹತ್ತಿರದ ಈ ಕೆಳದಿಯ ಹೆಸರಿನಲ್ಲಿ ನಡೆದ ರಾಜ್ಯದಲ್ಲೇ ಆ ಸಂತರು ಕಾಲ್ನಡಿಗೆಯಲ್ಲಿ ಊರೂರು ತಿರುಗಿ ಗುರುಗಳಿಲ್ಲದೆ ಉಳಿದಿದ್ದ ಕ್ರೈಸ್ತ ಕುಟುಂಬಗಳನ್ನು ಹುಡುಕಿ ಸಂತೈಸಿದರು.

ಆಮೇಲೆ ಇನ್ನೂ ಕಷ್ಟದ ಕರೆ. ಸಿಲೋನಿನಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಓಡಿಸಿದ್ದರು. 1687ರಲ್ಲಿ ಜೋಸೆಫ್ ವಾಜ್ ಬಡ ಕೂಲಿಯ ವೇಷದಲ್ಲಿ ಆ ದ್ವೀಪಕ್ಕೆ ಇಳಿದರು. ಜೊತೆಯಲ್ಲಿ ಯೊವಾನ್ನ ಎಂಬ ನಂಬಿಗಸ್ತ ಸೇವಕ. ಅವರೂ ಇಬ್ಬರೇ! ತಮಿಳು, ಸಿಂಹಳ ಕಲಿತರು. ಕ್ಯಾಂಡಿಯಲ್ಲಿ ಗೂಢಚಾರರೆಂದು ಸೆರೆಗೆ ಹಾಕಿದರು. ಬಿಡುಗಡೆಯಾದ ಮೇಲೆ ಸಿಡುಬು ಹರಡಿ ಜನ ಊರು ಬಿಟ್ಟು ಓಡಿದಾಗ ಅವರು ಉಳಿದು ರೋಗಿಗಳ ಆರೈಕೆ ಮಾಡಿದರು, ಅವರು ಯಾವ ಧರ್ಮದವರೆಂದು ಕೇಳಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಅವರು ಹೋದದ್ದು ಎರಡು ವರ್ಷಕ್ಕಲ್ಲ, ಮರಳಿ ಬರಲೇ ಇಲ್ಲ. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು.

ಬಾಗಿಲು ಬಡಿದು ಜ್ವರದವನಿಗೆ ಗಂಜಿ ಕೊಡುವುದನ್ನು ನಾವು ಮಾರ್ಮನ್ ಹುಡುಗರಿಂದ ಸಾಲ ಪಡೆಯಬೇಕಾಗಿಲ್ಲ. ಅದು ನಮ್ಮ ಮನೆಯ ಪೆಟ್ಟಿಗೆಯಲ್ಲೇ ಇದೆ. ಆ ಹುಡುಗರು ಪೆಟ್ಟಿಗೆಯ ಮೇಲಿನ ಧೂಳನ್ನು ನಮಗೆ ತೋರಿಸಿದ್ದಾರೆ, ಅಷ್ಟೆ.

ನಾವು ಮಾಡಬಹುದಾದದ್ದು

ಮಿಷನ್ ಭಾನುವಾರ ಎಂದರೆ ತಟ್ಟೆಗೆ ಹತ್ತು ರೂಪಾಯಿ ಹೆಚ್ಚು ಹಾಕುವ ದಿನ ಮಾತ್ರವಲ್ಲ. ಧರ್ಮಸಭೆ ತನ್ನ ಸ್ವಭಾವದಿಂದಲೇ ಪ್ರೇಷಿತ ಸಭೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ನೆನಪಿಸಿತು. ಸ್ನಾನದೀಕ್ಷೆ ಪಡೆದ ಪ್ರತಿಯೊಬ್ಬರೂ ಕಳುಹಿಸಲ್ಪಟ್ಟವರೇ. ಲೂಕನ ಶುಭಸಂದೇಶದ ಹತ್ತನೇ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಒಟ್ಟಿಗೆ ಓದಿ. ಯೇಸುಸ್ವಾಮಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ್ದು, ಹಣದ ಚೀಲ ಬೇಡವೆಂದದ್ದು, ಹೊಕ್ಕ ಮನೆಗೆ ಮೊದಲು ಶಾಂತಿಯನ್ನು ಕೋರಬೇಕೆಂದದ್ದು ಅಲ್ಲಿದೆ.

ಅದರ ಜೊತೆಗೆ ಕೆಲವು ಸಣ್ಣ ಕೆಲಸಗಳು. ಪಟ್ಟಣಕ್ಕೆ ಹೋಗುವ ಮಗನಿಗೆ, ಮಗಳಿಗೆ ಉಪ್ಪಿನಕಾಯಿ ಡಬ್ಬಿಯ ಜೊತೆ ಅಲ್ಲಿನ ಧರ್ಮಕೇಂದ್ರದ ಗುರುಗಳ ಹೆಸರನ್ನೂ ಬರೆದುಕೊಡಿ. ನಮ್ಮನ್ನು ಕೇಳಿ, ಪತ್ರ ಕೊಡುತ್ತೇವೆ. ವಿಶ್ವಾಸ ಸಂಗ್ರಹವನ್ನು ಬಾಯಿಪಾಠವಾಗಿ ಮಾತ್ರವಲ್ಲ, ಅರ್ಥದೊಡನೆ ಮನೆಯಲ್ಲಿ ಕಲಿಸಿ. ಕೇಳಿದವರಿಗೆ ತನ್ನ ನಂಬಿಕೆಯನ್ನು ಸರಳವಾಗಿ ಹೇಳಬಲ್ಲ ಹುಡುಗ ಹೆದರುವುದೂ ಇಲ್ಲ, ಜಗಳವಾಡುವುದೂ ಇಲ್ಲ. ವಾರದಲ್ಲೊಂದು ಸಂಜೆಯಾದರೂ ಟಿವಿ, ಫೋನು ಆರಿಸಿ ಜಪಸರ ಮಾಡಿ. ಪೂಜೆ ಮುಗಿದ ಮೇಲೆ ಐದು ನಿಮಿಷ ನಿಂತು ಗುರುತಿಲ್ಲದ ಒಬ್ಬರ ಹೆಸರು ಕೇಳಿ. ನಮ್ಮ ಯುವಕ ಸಂಘದವರು ಇಬ್ಬಿಬ್ಬರಾಗಿ ತಿಂಗಳಿಗೊಂದು ಮನೆಗೆ, ಹಾಸಿಗೆ ಹಿಡಿದವರ ಬಳಿಗೆ, ಹೋಗಿ ಬಂದರೆ ಅದೂ ಮಿಷನ್ನೇ.

ಇನ್ನು ಆ ಬಿಳಿ ಅಂಗಿಯ ಹುಡುಗರು ನಿಮಗೆ ಎದುರಾದರೆ? ನಗಬೇಡಿ, ಬಯ್ಯಬೇಡಿ. ಕುಳ್ಳಿರಿಸಿ, ಪಾನಕ ಕೊಡಿ, ಊರು ಕೇಳಿ, ತಾಯಿ ತಂದೆಯನ್ನು ವಿಚಾರಿಸಿ. ನಾವು ಕಥೋಲಿಕರು, ನಮ್ಮ ವಿಶ್ವಾಸದಲ್ಲಿ ಸಂತೋಷದಿಂದಿದ್ದೇವೆ ಎಂದು ಹೇಳಿ. ಅವರೂ ಯಾರದೋ ಮಕ್ಕಳು, ಅವರ 'ಬೇಡ'ಗಳ ದಿನದಲ್ಲಿ ನಿಮ್ಮದು ಒಂದು ಪ್ರೀತಿಯ 'ಬೇಡ' ಆಗಿರಲಿ.

ಸೊರಬದ ಆ ಹುಡುಗ ರಜೆ ಮುಗಿಸಿ ಹೊರಡುವ ಹಿಂದಿನ ರಾತ್ರಿ ತಾಯಿಯ ಪಕ್ಕ ಕುಳಿತು ಜಪಸರಕ್ಕೆ ಉತ್ತರ ಕೊಟ್ಟನಂತೆ. ನಾವು ಬೆಂಗಳೂರಿನ ಒಬ್ಬ ಗುರುಗಳಿಗೆ ಫೋನ್ ಮಾಡಿ ಅವನ ಹೆಸರು, ಅವನಿರುವ ಜಾಗ ಹೇಳಿದೆವು. ಮರುಭಾನುವಾರ ಅವರು ಪೂಜೆಯ ನಂತರ ಹಿಂದಿನ ಬೆಂಚಿನವರೆಗೆ ನಡೆದುಹೋಗಿ ಅವನನ್ನು ಹೆಸರು ಹಿಡಿದು ಮಾತಾಡಿಸಿದರು. ನಿರ್ಧಾರ ಅವನದು, ಕಾಯುವವರು ದೇವರು. ಆದರೆ ಆ ಕೆಲವು ಹೆಜ್ಜೆ ನಡೆಯುವುದು ನಮ್ಮ ಪಾಲಿನ ಮಿಷನ್. ಸಂತ ಜೋಸೆಫ್ ವಾಜ್‌ರವರ ಪ್ರಾರ್ಥನೆಯ ಬಲದಿಂದ ನಮಗೆ ಆ ಹೆಜ್ಜೆ ಇಡುವ ಮನಸ್ಸು ಬರಲಿ. ಆಮೆನ್.